ಸೂಜಿಮೊನೆಯಷ್ಟು ಗಾಯ

2022ರ ಆಗಸ್ಟ್. ಹೊನ್ನಾವರದಲ್ಲಿ ನನ್ನದೊಂದು ಹೈಡ್ರಾಲಿಕ್ ರಿಪೇರಿಯ ವರ್ಕ್‌ಶಾಪ್. ಭಟ್ಕಳದಿಂದ ತದಡಿಯವರೆಗಿನ ಕ್ರೇನು, ಮಣ್ಣೆತ್ತುವ ಯಂತ್ರ, ಬೋಟುಗಳ ಕಾಯಿಲೆಯೆಲ್ಲ ನನ್ನ ಪಾಲಿಗೆ ಬರುತ್ತಿತ್ತು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿಯುವ ವಾರ ಅದು. ಎರಡು ತಿಂಗಳು ಬೋಟನ್ನು ತಿರುಗಿಯೂ ನೋಡದವರು ಆ ವಾರ ಬೆಳಗಾಗುವುದರೊಳಗೆ ಫೋನು ಮಾಡಿ ನನ್ನ ತಲೆ ತಿನ್ನುತ್ತಾರೆ.

ಅವತ್ತು ಕರೆದದ್ದು ತದಡಿಯ ದೇವಣ್ಣ, ಒಂದು ಟ್ರಾಲರ್ ಬೋಟಿನ ತಾಂಡೇಲ, ಅಂದರೆ ಮುಖ್ಯಸ್ಥ. ಬಲೆ ಎಳೆಯುವ ವಿಂಚಿನ ಹೋಸು ಎಲ್ಲೋ ಸೋರುತ್ತಿದೆಯಂತೆ. ಈ ಹೋಸು ತೋಟಕ್ಕೆ ನೀರು ಬಿಡುವ ಪೈಪಲ್ಲ. ಕಾರಿನ ಚಕ್ರದ ಗಾಳಿಯ ಒತ್ತಡ ಸುಮಾರು ಎರಡು ಬಾರ್ ಇದ್ದರೆ, ಇದರೊಳಗಿನ ಎಣ್ಣೆಯದ್ದು ನೂರೈವತ್ತು ಬಾರ್. ರಬ್ಬರಿನ ನಡುವೆ ಉಕ್ಕಿನ ತಂತಿಯ ಹೆಣಿಗೆ ಇರುತ್ತದೆ. ಉಪ್ಪುಗಾಳಿಗೆ ಆ ತಂತಿ ತುಕ್ಕು ಹಿಡಿದರೆ ಹೊರಗಿನಿಂದ ಏನೂ ತಿಳಿಯುವುದಿಲ್ಲ.

ನಾನು ಬೋಟು ಕಟ್ಟುವ ಧಕ್ಕೆಗೆ ಹೋದಾಗ ಇಂಜಿನ್ ನೋಡಿಕೊಳ್ಳುವ ನಾಗಪ್ಪ ಬೋಟಿನ ಮೇಲೆ ಕುಳಿತು ಬಲಗೈಯನ್ನು ಬಿಸಿನೀರಿನ ಪಾತ್ರೆಯಲ್ಲಿ ಅದ್ದಿಕೊಂಡಿದ್ದ.

"ಎಂತ ಆತು?"

"ಎಂತದೂ ಇಲ್ಲ ಮಾರಾಯಾ. ಎಲ್ಲಿ ಸೋರ್ತದೆ ನೋಡುವಾ ಅಂತ ಹೋಸಿನ ಮೇಲೆ ಕೈ ಆಡಿಸ್ದೆ. ಚುರ್ ಅಂತು. ತಂತಿ ಚುಚ್ಚಿತ್ತೇನೋ."

ನಮ್ಮ ಮೀನುಗಾರರು ಬಲೆಯ ಹಗ್ಗವನ್ನು ಕಣ್ಣಿಂದ ನೋಡುವುದಕ್ಕಿಂತ ಕೈಯಿಂದ ನೋಡುವುದೇ ಹೆಚ್ಚು. ಹಗ್ಗವನ್ನು ಅಂಗೈಯಲ್ಲಿ ಹಾಯಿಸಿಕೊಂಡು ಹೋದರೆ ಎಳೆ ಹರಿದದ್ದು ತಾನಾಗಿ ಸಿಗುತ್ತದೆ. ನಾಗಪ್ಪ ಹೋಸನ್ನೂ ಹಾಗೆಯೇ ನೋಡಿದ್ದ, ಅದೂ ಇಂಜಿನ್ ಓಡುತ್ತಿರುವಾಗ! ಚುಚ್ಚಿದ ಮೇಲೆ, ತೊರಕೆ ಮೀನಿನ ಮುಳ್ಳು ಹೊಡೆದಾಗ ಮಾಡುವಂತೆ, ಕೈಯನ್ನು ಬಿಸಿನೀರಿಗೆ ಹಾಕಿದ್ದ.

ಕೈ ಹೊರಗೆ ತೆಗೆಸಿ ನೋಡಿದೆ. ತೋರುಬೆರಳಿನ ತುದಿಯಲ್ಲಿ ಸೂಜಿಮೊನೆಯಷ್ಟು ತೂತು. ರಕ್ತ ಕೂಡ ಇಲ್ಲ. ಕಂಪನಿಯ ತರಬೇತಿಯಲ್ಲಿ ಇಂಥದೇ ತೂತಿನ ಫೋಟೊ ತೋರಿಸಿ, ಅದರ ಮುಂದಿನ ಫೋಟೊದಲ್ಲಿ ಅದೇ ಕೈಯನ್ನು ಬೆರಳುಗಳಿಲ್ಲದೆ ತೋರಿಸಿದ್ದರು. ಚುಚ್ಚಿದ್ದು ತಂತಿಯಲ್ಲ, ಎಣ್ಣೆ. ಆ ಒತ್ತಡದಲ್ಲಿ ಅದು ಚರ್ಮ ಸೀಳಿ ಒಳಗೆ ನುಗ್ಗಿ ನರಗಳ ಗುಂಟ ಅಂಗೈವರೆಗೂ ಹರಿಯುತ್ತದೆ. ಮಾಂಸ ಒಳಗಿಂದಲೇ ಸಾಯತೊಡಗುತ್ತದೆ. ಮೊದಲ ಒಂದೆರಡು ತಾಸು ನೋವೇ ಇಲ್ಲದಿರಬಹುದು.

"ಇಂಜಿನ್ ಬಂದ್ ಮಾಡಿ! ಇವ ಈಗಲೇ ಆಸ್ಪತ್ರೆಗೆ ಹೋಗ್ಬೇಕು," ಎಂದು ಕೂಗಿದೆ.

ದೇವಣ್ಣ ನಕ್ಕುಬಿಟ್ಟ. "ತೊರಕೆ ಹೊಡೆದವರೇ ಬಿಸಿನೀರಲ್ಲಿ ಸಮ ಆಗ್ತ್ರು. ನೀ ಎಂತಕ್ಕೆ ಹೆದರ್ಸ್ತೆ?"

"ಕೈ ಹೋಗ್ತದೆ ದೇವಣ್ಣ! ಪೂರಾ ಕೈ!"

ನನ್ನ ಮುಖ ಕಂಡೇ ಇರಬೇಕು, ಅವನ ನಗು ನಿಂತಿತು. ಎಣ್ಣೆಯ ಡಬ್ಬಿಯನ್ನೂ ಹಿಡಿದುಕೊಂಡು ನಾಗಪ್ಪನನ್ನು ಕಾರಿಗೆ ದಬ್ಬಿದೆ. ಕುಮಟಾದ ಆಸ್ಪತ್ರೆಯಲ್ಲಿ ಎಣ್ಣೆ ಯಾವುದು, ಒತ್ತಡ ಎಷ್ಟು ಎಂದು ಹೇಳಿದ ಕೂಡಲೇ ಡಾಕ್ಟರ ಮುಖ ಗಂಭೀರವಾಯಿತು. "ಏನೂ ತಿನ್ನಿಸಬೇಡಿ. ಕೈಯ ಸರ್ಜನ್ ಬೇಕು, ಉಡುಪಿ ಕಡೆಗೇ ಹೋಗಿ. ನಾನು ಫೋನ್ ಮಾಡಿರ್ತೇನೆ." ಕುಮಟಾ ಪೇಟೆಯಲ್ಲಿ ಮೀನು ಮಾರುತ್ತಿದ್ದ ನಾಗಪ್ಪನ ಹೆಂಡತಿ ಸುಮಿತ್ರಾ ಸುದ್ದಿ ತಿಳಿದು ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ಓಡಿ ಬಂದಳು. ಆಸ್ಪತ್ರೆಯವರು ಕೊಟ್ಟ ಆಂಬುಲೆನ್ಸಿನಲ್ಲಿ ಅವಳು ಕೇಳಿದ್ದು ಒಂದೇ ಮಾತು: "ಕೈ ಉಳಿತದೆ ಅಲ್ದಾ?"

ಹೊನ್ನಾವರ ದಾಟುವಾಗ ಬೆರಳು ಬಾಳೆಕಾಯಿಯ ಹಾಗೆ ಊದಿತ್ತು. ಮುರ್ಡೇಶ್ವರದ ತಿರುವಿನಲ್ಲಿ ಬಣ್ಣ ಬದಲಾಯಿತು. ಭಟ್ಕಳದಲ್ಲಿ ಲಾರಿಗಳ ಹಿಂದೆ ಸಿಕ್ಕಿಬಿದ್ದಾಗ ನಾಗಪ್ಪ ನರಳತೊಡಗಿದ. ಸುಮಿತ್ರಾ ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತಿದ್ದಳು. ಜೀವನದಲ್ಲಿ ಅಷ್ಟು ಹೆದರಿದ್ದು ನನಗೆ ನೆನಪಿಲ್ಲ.

ಉಡುಪಿಯಲ್ಲಿ ಸರ್ಜನ್ ಬೆರಳಿನಿಂದ ಮಣಿಕಟ್ಟಿನವರೆಗೆ ಸೀಳಿ ಎಣ್ಣೆ ತೊಳೆದರು. ಮತ್ತೆ ಎರಡು ಸಲ ಆಪರೇಷನ್ ಆಯಿತು. ತೋರುಬೆರಳು ಹೋಯಿತು, ಕೈ ಉಳಿಯಿತು. ರಾತ್ರಿವರೆಗೆ ಕಾದಿದ್ದರೆ ಅದೂ ಇರುತ್ತಿರಲಿಲ್ಲ ಎಂದರು.

ಸೋರಿಕೆ ಹುಡುಕಬೇಕಾದರೆ ಇಂಜಿನ್ ನಿಲ್ಲಿಸಿ, ವಾಲ್ವಿನ ಹಿಡಿಕೆ ಆಡಿಸಿ ಒಳಗಿನ ಒತ್ತಡ ಇಳಿಸಿ, ಆಮೇಲೆ ಒರೆಸಿ ನೋಡಬೇಕು. ಓಡುವಾಗಲೇ ನೋಡಬೇಕಾದ ಪ್ರಸಂಗ ಬಂದರೆ ಎಣ್ಣೆಯ ಕಲೆ ಬೀಳುವಂತೆ ದೂರದಿಂದ ಉದ್ದ ಕೋಲಿಗೆ ಕಟ್ಟಿದ ರಟ್ಟು ಹಿಡಿಯಬೇಕು, ಕೈಯನ್ನಲ್ಲ. ಊದಿದ, ತುಕ್ಕು ಕಂಡ ಹೋಸನ್ನು ಇನ್ನೊಂದು ಸೀಸನ್ ಓಡಿಸುವ ಆಸೆ ಬೇಡ. ಇದನ್ನೆಲ್ಲ ಧಕ್ಕೆಯಲ್ಲಿ ಹೇಳಿ ಹೇಳಿ ನನಗೇ ಬೇಜಾರು ಬಂದಿದೆ.

ಆದರೆ ವೃತ್ತಿ ನನಗೆ ಕಲಿಸಿದ್ದು ಬೇರೆ: ನೋವು ಕಂಡು ಹೆದರುವುದು ಎಲ್ಲರಿಗೂ ಬರುತ್ತದೆ, ನೋವಿಲ್ಲದ್ದಕ್ಕೆ ಹೆದರುವುದನ್ನು ಕಲಿಯಬೇಕು. ಈಗ ಹೋಸ್ ಸೋರುತ್ತಿದೆ ಎಂದು ಯಾರೇ ಫೋನು ಮಾಡಲಿ, ಯಂತ್ರ ಯಾವುದೆಂದು ನಾನು ಆಮೇಲೆ ಕೇಳುತ್ತೇನೆ. "ಯಾರಾದ್ರೂ ಮುಟ್ಟಿದ್ರಾ?" ಎಂಬುದೇ ಮೊದಲ ಪ್ರಶ್ನೆ. ಇಲ್ಲ ಎಂಬ ಉತ್ತರ ಬರುವವರೆಗೆ ಕಾರಿನ ಕೀಲಿ ನನ್ನ ಕೈಯಲ್ಲೇ ಇರುತ್ತದೆ.