ದುರುಗಪ್ಪನಿಗೆ ಕೊಟ್ಟ ಮರದ ಲೋಟ

ಸ್ನೇಹಿತರೇ, ಇವತ್ತು ಹರಪನಹಳ್ಳಿ ಬಸ್ ನಿಲ್ದಾಣದಲ್ಲಿ ನನ್ನ ಉಡುಗೊರೆಯೇ ಗೆಳೆಯನನ್ನು ನೋಯಿಸಿತು. ದಿನವೂ ಜೊತೆಗೆ ಬಸ್ಸಿನಲ್ಲಿ ಓಡಾಡುವ ಮೂವರು ಗೆಳೆಯರಿಗೆಂದು ಲೇತಿನಲ್ಲಿ ಮುಚ್ಚಳದ ಮರದ ಲೋಟಗಳನ್ನು ಕಡೆದಿದ್ದೆ. ಇಬ್ಬರು ಖುಷಿಯಿಂದ ತೆಗೆದುಕೊಂಡರು. ದುರುಗಪ್ಪ ಮಾತ್ರ ಮುಟ್ಟಲಿಲ್ಲ.

"ಊರಿನ ಹೋಟ್ಲಾಗ ನಮ್ಮಪ್ಪಗ ಬ್ಯಾರೆ ಲೋಟ ಇಟ್ಟಿದ್ರು. ಹೊರಗ ನಿಂತು ಕುಡಿದು, ತಾನೇ ತೊಳೆದಿಡ್ತಿದ್ದ. ಈಗ ನೀನೂ ನನಗ ಬ್ಯಾರೆ ಲೋಟ ತಂದಿ ಏನಲೇ?" ಎಂದ.

"ಎಲ್ಲಾರಿಗೂ ಮಾಡೀನಲೇ," ಎಂದೆ. ಹೇಳುವಾಗಲೇ ನಾಚಿಕೆಯಾಯಿತು. ಇಷ್ಟು ವರ್ಷಗಳ ಗೆಳೆತನದಲ್ಲಿ ಅವನ ಅಪ್ಪನ ಬಗ್ಗೆ ಒಮ್ಮೆಯೂ ಕೇಳಿರಲಿಲ್ಲ.

ಸ್ವಲ್ಪ ಹೊತ್ತಿನ ನಂತರ ಅವನೇ ಲೋಟ ಎತ್ತಿಕೊಂಡು, ನಿಲ್ದಾಣದ ಚಹಾ ಅಂಗಡಿಯಲ್ಲಿ ಅದಕ್ಕೆ ಚಹಾ ಹಾಕಿಸಿಕೊಂಡ. ಒಂದು ಗುಟುಕು ಕುಡಿದು ನನ್ನ ಮುಂದೆ ಹಿಡಿದ. "ಕುಡಿ."

ಆರಲು ಬಿಟ್ಟರೆ ಹಿಂಜರಿದೆ ಎಂದುಕೊಂಡಾನೆಂದು ಬಿಸಿಬಿಸಿಯೇ ಕುಡಿದೆ. ಮರದ ಲೋಟದಲ್ಲಿ ಚಹಾ ಬೇಗ ಆರುವುದಿಲ್ಲ ಎಂಬುದನ್ನು ನನ್ನ ನಾಲಿಗೆ ಇನ್ನೂ ಹೇಳುತ್ತಿದೆ.