ಕರೆಂಟಯ್ಯ ಮತ್ತು ಮೂರನೇ ಬ್ಲೇಡು

ನಾನೂ ನನ್ನ ಗೆಳೆಯನೂ ಭಾನುವಾರದ ಮಧ್ಯಾಹ್ನಗಳಲ್ಲಿ ಆಡುವ ಕಂಪ್ಯೂಟರ್ ಆಟದಲ್ಲಿ ಒಬ್ಬ ಮಾಂತ್ರಿಕನಿದ್ದಾನೆ. ಆಟದ ಉಳಿದ ಮಾಂತ್ರಿಕರು ಬೆಂಕಿ ಎಂದರೆ ಬೆಂಕಿ ಹಾಕುತ್ತಾರೆ, ಮಂಜು ಎಂದರೆ ಮಂಜು. ಇವನು ಹಾಗಲ್ಲ. ಬಹಳ ಸಲ ಮಂತ್ರ ಹೇಳಿದಂತೆ ಕೇಳುತ್ತದೆ. ಯಾವಾಗಲೋ ಒಮ್ಮೆ ಕೇಳದೇ ಇದ್ದದ್ದೂ ಜೊತೆಗೆ ಬಂದುಬಿಡುತ್ತದೆ. ಎದುರಾಳಿಯ ಗಾಯವೆಲ್ಲ ವಾಸಿಯಾಗುತ್ತದೆ, ನಮ್ಮವರೇ ಕುರಿಗಳಾಗಿ ಮೇಯತೊಡಗುತ್ತಾರೆ, ಇಲ್ಲವೇ ಆಕಾಶದಿಂದ ಕಲ್ಲು ಸುರಿದು ಎದುರಾಳಿಗಳ ದಂಡೇ ನೆಲಕಚ್ಚುತ್ತದೆ. ಮೊದಲ ದಿನವೇ ಗೆಳೆಯ ಅವನಿಗೆ ಹೆಸರಿಟ್ಟ.

“ಇವ್ನು ನಮ್ಮ ಪಂಪ್‌ಸೆಟ್ ಕರೆಂಟಿದ್ದಂಗೆ ಕಣ್ಲಾ. ಯಾವಾಗ ಬತ್ತಾನೆ, ಯಾವಾಗ ಓಯ್ತಾನೆ, ಬಂದ್ರೆ ಏನ್ ಸುಡ್ತಾನೆ, ಒಂದೂ ಗೊತ್ತಾಗಕಿಲ್ಲ. ಕರೆಂಟಯ್ಯ ಅಂತ ಇಡು.”

ಗೆಳೆಯ ಐಟಿಐ ಓದಿದವನು. ಮದ್ದೂರು ತಾಲ್ಲೂಕಿನ ಕೊಪ್ಪದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ನಾನು ಸಂಖ್ಯಾಶಾಸ್ತ್ರ ಓದಿ ಮಂಡ್ಯದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಮದ್ದೂರಿನ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವನ ಅಂಗಡಿಯ ಹಿಂದಿನ ಕೋಣೆಯಲ್ಲಿ, ತಾಮ್ರದ ತಂತಿಯ ಸುರುಳಿಗಳ ನಡುವೆ, ವಾರ್ನಿಷ್ ವಾಸನೆಯಲ್ಲಿ ನಮ್ಮ ಆಟ.

ಕರೆಂಟಯ್ಯನನ್ನು ಬಗ್ಗಿಸುವ ದಾರಿ ಹುಡುಕಿದವನು ನಾನು. ಮಂತ್ರ ಹಾಕುವ ಮುನ್ನ ಒಂದು ಕೀಲಿ ಒತ್ತಿದರೆ ಆಟ ಆ ಗಳಿಗೆಯನ್ನು ನೆನಪಿಟ್ಟುಕೊಳ್ಳುತ್ತದೆ. ಕೆಟ್ಟದ್ದು ಬಂತೋ, ಇನ್ನೊಂದು ಕೀಲಿ ಒತ್ತಿ ಅಲ್ಲಿಗೇ ಹಿಂತಿರುಗುವುದು, ಮತ್ತೆ ಹಾಕುವುದು. ಕಲ್ಲಿನ ಮಳೆ ಬರುವವರೆಗೆ ಇದೇ ಕೆಲಸ. ಅದಕ್ಕೆ ಗೆಳೆಯ ತನ್ನದೊಂದು ಉಪಾಯ ಸೇರಿಸಿದ. ನಮ್ಮ ಕಡೆಯ ಉಳಿದವರನ್ನೆಲ್ಲ ದೂರ ನಿಲ್ಲಿಸಿ ಕರೆಂಟಯ್ಯನನ್ನು ಒಬ್ಬನನ್ನೇ ಎದುರಾಳಿಗಳ ನಡುವೆ ಕಳಿಸುವುದು. ಬಿದ್ದರೆ ಅವರ ಮೇಲೆ ಬೀಳಲಿ, ಹೋದರೆ ಇವನೊಬ್ಬ ಹೋಗಲಿ. ಹೋದರೂ ಕೀಲಿ ಇದೆಯಲ್ಲ.

ಮೌಸ್ ಅವನ ಕೈಯಲ್ಲಿ, ಕೀಲಿಗಳು ನನ್ನ ಕೈಯಲ್ಲಿ. ಪ್ರತಿ ಸಲವೂ ಅದೇ ಮಾತು.

“ಒತ್ತಿದ್ಯೇನ್ಲಾ?”

“ಒತ್ತಿವ್ನಿ ಕಣ್ಲಾ, ಬುಡು.”

ಎಷ್ಟೋ ಸಲ ನಾನು ಫೋನು ನೋಡುತ್ತ, ಕೀಲಿ ಮುಟ್ಟದೆಯೇ “ಒತ್ತಿವ್ನಿ” ಅಂದುಬಿಡುತ್ತಿದ್ದೆ. ತಕ್ಷಣ ನೆನಪಾಗಿ “ಒತ್ತಿಲ್ಲ ಕಣ್ಲಾ!” ಎಂದು ಕಿರುಚುತ್ತಿದ್ದೆ. ಅವನು ಬಿಸಿ ಬಾಣಲೆ ಮುಟ್ಟಿದವನಂತೆ ಮೌಸ್‌ನಿಂದ ಕೈ ತೆಗೆಯುತ್ತಿದ್ದ. “ಲೇ ಮೇಷ್ಟ್ರೇ, ನಿನ್ ಕಾಲೇಜ್ ಐಕ್ಳು ಉದ್ಧಾರ ಆದಂಗೇ ಬುಡು” ಅನ್ನುತ್ತಿದ್ದ. ಆಮೇಲೆ ಇಬ್ಬರೂ ನಗುತ್ತಿದ್ದೆವು.

ಒಂದು ವಿಷಯದಲ್ಲಿ ಮಾತ್ರ ಜಗಳ. ಕೆಟ್ಟದ್ದು ಒಂದು ಸಲ ಬಂದರೆ “ಈಗ ತಾನೇ ಆಯ್ತಲ್ಲ, ಇನ್ನ ಸದ್ಯಕ್ಕಾಗಕಿಲ್ಲ” ಎಂದು ಅವನು ಧೈರ್ಯವಾಗಿ ಮುಂದಿನ ಮಂತ್ರ ಹಾಕುತ್ತಿದ್ದ. ಹಾಗಲ್ಲ, ಹಿಂದಿನದನ್ನು ಅದು ನೆನಪಿಟ್ಟುಕೊಳ್ಳುವುದಿಲ್ಲ, ಪ್ರತಿ ಸಲವೂ ಹೊಸದಾಗಿ ದಾಳ ಬೀಳುತ್ತದೆ ಎಂದು ನಾನು ತರಗತಿಯಲ್ಲಿ ಹೇಳುವುದನ್ನೇ ಅವನಿಗೂ ಹೇಳುತ್ತಿದ್ದೆ. ನನಗೆ ಅದು ಗೊತ್ತಿತ್ತು. ಗೊತ್ತಿತ್ತು ಎಂಬುದೇ ಈಗ ಚುಚ್ಚುತ್ತದೆ.

ಆ ಭಾನುವಾರ ನಾನು ಬೆಳಿಗ್ಗೆಯೇ ಹೋದಾಗ ಅವನು ಅಂಗಡಿಯಲ್ಲಿರಲಿಲ್ಲ, ಗದ್ದೆಯಲ್ಲಿದ್ದ. ಅಲ್ಲಿಗೇ ಹೋದೆ. ನಾಲೆಗೆ ನೀರು ಬಿಡುವುದು ನಿಂತಿತ್ತು. ಭತ್ತದ ಸಸಿ ಬೆಳೆಸುವ ಒಟ್ಲು ಪಾತಿ ಒಣಗಿ ಬಿರಿಯುತ್ತಿತ್ತು. ಬೋರ್‌ವೆಲ್ಲಿಗೆ ಕರೆಂಟು ಕೊಡುವ ಹೊತ್ತೇ ಅದು, ಆದರೆ ಟೀಸಿಯ ಮೇಲಿನ ಫ್ಯೂಸ್ ಹೋಗಿತ್ತು. ಟ್ರಾನ್ಸ್‌ಫಾರ್ಮರ್ ಅನ್ನು ನಮ್ಮ ಕಡೆ ಟೀಸಿ ಅನ್ನುತ್ತಾರೆ. ಲೈನ್‌ಮನ್‌ಗೆ ಫೋನ್ ಮಾಡಿದರೆ ಬೇರೆ ಊರಿನಲ್ಲಿದ್ದೇನೆ, ಮಧ್ಯಾಹ್ನ ಆಗುತ್ತದೆ ಅಂದ. ಇಂಥ ಹೊತ್ತಿನಲ್ಲಿ ಯಾರೂ ಕಾಯುವುದಿಲ್ಲ. ಕಂಬದ ಬುಡದ ಹ್ಯಾಂಡಲ್ ಎಳೆದರೆ ಮೇಲೆ ತಂತಿಗೊಂದರಂತೆ ಇರುವ ಮೂರು ಲೋಹದ ಬ್ಲೇಡುಗಳು ಬಿಟ್ಟುಕೊಂಡು ಕರೆಂಟು ತಪ್ಪುತ್ತದೆ. ಒಬ್ಬ ಎಳೆಯುತ್ತಾನೆ, ಇನ್ನೊಬ್ಬ ಹತ್ತಿ ಫ್ಯೂಸ್ ತಂತಿ ಕಟ್ಟುತ್ತಾನೆ. ನಾವಿಬ್ಬರೂ ಮೊದಲೂ ಹಾಗೆ ಕಟ್ಟಿದ್ದೆವು. ಏನೂ ಆಗಿರಲಿಲ್ಲ.

ನಾನು ಹ್ಯಾಂಡಲ್ ಎಳೆದೆ. ಅದು ಯಾವಾಗಲೂ ಸ್ವಲ್ಪ ಬಿಗಿ. ಅವತ್ತೂ ಬಿಗಿಯಾಗಿತ್ತು ಅಂದುಕೊಂಡೆ. ಅವನು ಫ್ಯೂಸ್ ತಂತಿಯನ್ನು ಕೊರಳಿಗೆ ಸುತ್ತಿಕೊಂಡು ಕಂಬಕ್ಕೆ ಕಾಲಿಟ್ಟ.

“ನೀ ದೂರ ನಿಂತ್ಕೊ. ಎಳ್ದಿದ್ಯೇನ್ಲಾ?”

“ಎಳ್ದಿವ್ನಿ ಕಣ್ಲಾ, ಅತ್ತು.”

ತಲೆ ಎತ್ತಿ ನೋಡಲಿಲ್ಲ. ಅವನು ಹತ್ತಿದ. ಟ್ರಾನ್ಸ್‌ಫಾರ್ಮರ್ ಕೂತಿರುವ ಅಡ್ಡಪಟ್ಟಿಯ ಮೇಲೆ ಕಾಲೂರಿ ಕೊರಳಿಂದ ತಂತಿ ಬಿಚ್ಚಿಕೊಂಡ. ನಾನು ಸುಮ್ಮನೆ, ಇನ್ನೆಷ್ಟು ಹೊತ್ತು ಎಂದು ನೋಡಲು ತಲೆ ಎತ್ತಿದೆ. ಬಿಳಿ ಆಕಾಶಕ್ಕೆ ಎದುರಾಗಿ ಎರಡು ಬ್ಲೇಡುಗಳು ವಾಲಿಕೊಂಡಿದ್ದವು. ಮೂರನೆಯದು ವಾಲಿರಲಿಲ್ಲ. ತುಕ್ಕು ಹಿಡಿದು ಕಚ್ಚಿಕೊಂಡು ಹಾಗೇ ನಿಂತಿತ್ತು. ಅವನ ಬಲಗೈ ಅದರ ಕೆಳಗಿನ ಫ್ಯೂಸಿನ ಕಡೆಗೇ ಚಾಚಿತ್ತು, ಮೊಳದಷ್ಟೂ ಅಂತರವಿರಲಿಲ್ಲ.

ನಿಲ್ಲು ಅನ್ನಬೇಕಿತ್ತು, ಮುಟ್ಟಬೇಡ ಅನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆ.

“ಒತ್ತಿಲ್ಲ ಕಣ್ಲಾ!”

ಅವನ ಕೈ ಹಿಂದಕ್ಕೆ ಬಂತು. ಯಾಕೆ, ಏನು ಎಂದು ಯೋಚಿಸುವ ಮೊದಲೇ ಬಂತು. ಭಾನುವಾರಗಳಿಂದ ಆ ಮಾತಿಗೆ ಅವನ ಕೈ ಪಳಗಿತ್ತು. ಆಮೇಲೆ ಅವನು ಕೆಳಗೆ ನನ್ನನ್ನು ನೋಡಿದ, ನನ್ನ ಕಣ್ಣು ಎಲ್ಲಿದೆ ಎಂದು ನೋಡಿ ತಾನೂ ಮೇಲೆ ನೋಡಿದ. ಒಂದೊಂದೇ ಹೆಜ್ಜೆ ಇಳಿದು ಬದುವಿನ ಮೇಲೆ ಕೂತ. ಫ್ಯೂಸ್ ತಂತಿಯನ್ನು ಸುತ್ತಿ ಜೇಬಿಗೆ ಹಾಕಿಕೊಂಡ. ನಾನೂ ಪಕ್ಕದಲ್ಲಿ ಕೂತೆ.

ಅವನ ಹೆಂಡತಿ ಒಟ್ಲು ಕಡೆಯಿಂದ ಬಂದಳು. “ಏನಣ್ಣ, ಇಬ್ರೂ ಇಂಗೆ ಕುಂತಿದ್ದೀರಿ? ಕಟ್ಟಿದ್ರಾ?”

“ಲೈನ್‌ಮನ್ನೇ ಬರ್ಲಿ ಅಂತ ಬುಟ್ಟೋ ಕಣಮ್ಮ” ಅಂದೆ.

“ಒಟ್ಲು ಒಣಗೋಯ್ತದಲ್ಲಣ್ಣ.”

“ಒಣಗ್ಲಿ ಬುಡು” ಅಂದ ಗೆಳೆಯ. ಅವಳು ಅವನನ್ನು ವಿಚಿತ್ರವಾಗಿ ನೋಡಿದಳು. ಇವತ್ತಿಗೂ ಅವಳಿಗೆ ನಾವು ಹೇಳಿಲ್ಲ.

ಮಧ್ಯಾಹ್ನ ಬಂದ ಲೈನ್‌ಮನ್ ಮೇಲೆ ನೋಡಿದವನೇ ನಮ್ಮ ಮುಖ ನೋಡಿದ. “ಯಾರ್ರಪ್ಪ ಎಳ್ದಿದ್ದು ಇದನ್ನ? ಕೆಳಗೆ ಹ್ಯಾಂಡ್ಲು ಬಂದ್ರೆ ಆಗೋಯ್ತಾ? ಮ್ಯಾಲೆ ಮೂರೂ ಎಣಿಸ್ಬೇಕು. ಮೂರು ಎಣ್ಸಕ್ಕೆ ಎಷ್ಟು ಓದ್ಬೇಕು?” ಎಂದ. ಗೆಳೆಯ ನನ್ನ ಕಡೆ ತಿರುಗಲಿಲ್ಲ. ಆ ಕರುಣೆ ಬೈಗುಳಕ್ಕಿಂತ ಭಾರವಾಗಿತ್ತು.

ತರಗತಿಯಲ್ಲಿ ಬೋರ್ಡಿಗೆ ಮುಖ ಮಾಡಿ ನಿಂತಾಗ, ಬಸ್ಸಿನಲ್ಲಿ ಕಿಟಕಿಯಾಚೆ ಕಂಬಗಳು ಸರಿಯುವಾಗ ಆ ಗಳಿಗೆ ಮತ್ತೆ ಮತ್ತೆ ಬರುತ್ತದೆ. ಕೆಲವು ಸಲ ನಾನು ತಲೆ ಎತ್ತುವುದು ತಡವಾಗುತ್ತದೆ. ಆಟದಲ್ಲಿ ಹಿಂತಿರುಗುತ್ತಿದ್ದುದು ಒಳ್ಳೆಯದನ್ನು ಹುಡುಕಲು. ಇಲ್ಲಿ ಮನಸ್ಸು ಹಿಂತಿರುಗಿದಷ್ಟು ಸಲವೂ ಕೆಟ್ಟದ್ದನ್ನೇ ಹುಡುಕಿ ತರುತ್ತದೆ. ತುಕ್ಕು ಹಿಡಿದ ಬ್ಲೇಡಿನ ಮೇಲೆ ನನಗೆ ಸಿಟ್ಟಿಲ್ಲ. ಅದು ಕರೆಂಟಯ್ಯನ ಜಾತಿ, ಒಮ್ಮೆ ಹಾಗೆ, ಒಮ್ಮೆ ಹೀಗೆ. ಮರೆಯಲಾಗದ್ದು “ಎಳ್ದಿವ್ನಿ” ಎಂದಾಗ ನನ್ನ ದನಿ ಎಷ್ಟು ಹಗುರವಾಗಿತ್ತು ಎಂಬುದು. ಸುಳ್ಳಾದರೆ ಅರ್ಧ ಗಂಟೆಯ ಆಟ ಹೋಗುತ್ತದಷ್ಟೇ ಎನ್ನುವಲ್ಲಿ ಆಡಿ ಆಡಿ ಸವೆದ ಮಾತು ಅದು. ಅದರ ಮೇಲೆ ನಂಬಿಕೆಯಿಟ್ಟು ಒಬ್ಬ ಕಂಬ ಹತ್ತಿದ.

ಎರಡು ತಿಂಗಳು ನಾನು ಕೊಪ್ಪದ ಕಡೆ ಹೋಗಲಿಲ್ಲ. ಕೊನೆಗೆ ಅವನೇ ಫೋನ್ ಮಾಡಿದ. “ಕರೆಂಟಯ್ಯ ಇನ್ನೂವೆ ಕ್ವಾಟೆ ಬಾಗ್ಲಲ್ಲೇ ನಿಂತವ್ನೆ. ಬತ್ತೀಯೋ, ಅವ್ನಿಗೆ ಬೇರೆ ಮೇಷ್ಟ್ರನ್ನ ನೋಡ್ಲೋ?”

ಹೋದೆ. ಅದೇ ಕೋಣೆ, ಅದೇ ವಾಸನೆ. ಅವನು ಮೌಸ್ ಹಿಡಿದ. ಕರೆಂಟಯ್ಯನನ್ನು ಎದುರಾಳಿಗಳ ನಡುವೆ ಕಳಿಸಿ ಕೇಳಿದ.

“ಒತ್ತಿದ್ಯೇನ್ಲಾ?”

ಕೀಲಿ ಒತ್ತಿದೆ. ಪರದೆಯ ಮೂಲೆಯಲ್ಲಿ ಸಣ್ಣ ಅಕ್ಷರಗಳು ಮೂಡಿ ಮಾಯವಾಗುವವರೆಗೂ ನೋಡಿದೆ. ಸಾಲದೆನಿಸಿತು. ಇನ್ನೊಮ್ಮೆ ಒತ್ತಿ, ಇನ್ನೊಮ್ಮೆ ನೋಡಿದೆ. ಅವನು ಅವಸರ ಮಾಡಲಿಲ್ಲ. ನಾನು ಬಾಯಿ ತೆರೆಯುವವರೆಗೂ ಮೌಸ್‌ನಿಂದ ಕೈ ಮೇಲೆತ್ತಿಕೊಂಡೇ ಕೂತಿದ್ದ.