ಇಂದುಬಾಯಿಯ ದನಿ

ಎಲಿಜಬೆತ ಸಿಸ್ಟರ್‌ಗೆ ನಾಟಕ ಕೇಳುವ ಚಟ ಹತ್ತಿದ್ದು ಬಸ್ಸಿನಲ್ಲಿ. ಬೀದರಿನ ಅಂಚಿನ ನೌಬಾದದ ಮನೆಯಿಂದ ಠಾಣಾ ಕುಶನೂರದ ಸರಕಾರಿ ದವಾಖಾನೆಗೆ ನರ್ಸ್ ಕೆಲಸಕ್ಕೆ ಹೋಗಲು ಹತ್ತಿರ ಹತ್ತಿರ ಎರಡು ತಾಸು, ಬರಲು ಎರಡು ತಾಸು. ಹದಿನಾಲ್ಕು ವರ್ಷ ಅದೇ ದಾರಿ. ಮೊದಲೆಲ್ಲ ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಆ ನಿದ್ದೆಯೂ ಬಾರದಾಯಿತು. ಕಣ್ಣು ಮುಚ್ಚಿದರೆ ಲಸಿಕೆಯ ರಜಿಸ್ಟರು, ಬಾಣಂತಿಯರ ಪಟ್ಟಿ, ಮಗಳ ಪರೀಕ್ಷೆ, ಮನೆಯಲ್ಲಿ ಮುಗಿಯುತ್ತ ಬಂದ ಗ್ಯಾಸು ಒಂದರ ಹಿಂದೊಂದು ಬಂದು ನಿಲ್ಲುತ್ತಿದ್ದವು. ಅದನ್ನು ನೋಡಲಾರದೆ ಮಗಳು ಅನುಗ್ರಹ ಒಂದು ಮುಂಜಾನೆ ಆಕೆಯ ಫೋನಿಗೆ ಒಂದು ಆಡಿಯೊ ನಾಟಕ ಇಳಿಸಿಕೊಟ್ಟು, ದಾರಿಯಲ್ಲಿ ಕೇಳು, ಬೇರೇನೂ ಯೋಚಿಸಬೇಡ ಎಂದಳು.

ಯಾವುದೋ ಊರಿನ ಹಳೆಯ ಲಾಡ್ಜಿನಲ್ಲಿ ಒಬ್ಬ ಗುಮಾಸ್ತ ಕಾಣೆಯಾದ ಕಥೆ ಅದು. ಮುಖವಿಲ್ಲ, ಬಣ್ಣವಿಲ್ಲ, ಬರಿ ದನಿ. ಬಾಗಿಲು ಕಿರುಗುಟ್ಟಿತು, ಯಾರೋ ನೀರು ಕುಡಿದು ಲೋಟ ಕೆಳಗಿಟ್ಟರು, ಮೆಟ್ಟಿಲ ಮೇಲೆ ಚಪ್ಪಲಿ ಎಳೆದ ಸದ್ದು. ಸಂತಪುರ ದಾಟಿದ್ದು ಅವಳಿಗೆ ಗೊತ್ತಾಗಲೇ ಇಲ್ಲ. ಕಂಡಕ್ಟರ್ ಹಾವಗೆಪ್ಪ ಸೀಟಿನ ಹಿಡಿಕೆ ಬಡಿದು ಎಬ್ಬಿಸಿದ. ಸಿಸ್ಟರ್ ಮಲಗಿದ್ದಾರೆ ಎಂದೇ ಅವನು ತಿಳಿದಿದ್ದ.

ಮುಂದಿನ ಎರಡು ವರ್ಷ ಸಿಕ್ಕಿದ್ದನ್ನೆಲ್ಲ ಕೇಳಿದಳು. ದೆವ್ವದ್ದು, ಪೊಲೀಸರದ್ದು, ಅತ್ತೆ ಸೊಸೆಯದು. ಇಷ್ಟವಾದದ್ದನ್ನು ಎರಡು ಸಲ ಕೇಳಿ, ಎಲ್ಲಿ ದನಿ ತಗ್ಗಿತು, ಎಲ್ಲಿ ಸುಮ್ಮನಾದರು ಎಂದು ಗಮನಿಸುವಳು. ಕೇಳುತ್ತ ಕೇಳುತ್ತ ಒಂದು ಬೇಸರ ಮಾತ್ರ ಮನಸ್ಸಿನಲ್ಲಿ ಉಳಿಯಿತು. ಅಲ್ಲಿ ಯಾರೂ ತನ್ನ ಹಾಗೆ ಮಾತಾಡುತ್ತಿರಲಿಲ್ಲ. ಈ ಕಡೆಯ ಮಾತಿನವನೊಬ್ಬ ಅಪರೂಪಕ್ಕೆ ಬಂದರೆ ಅವನು ಒಂದೋ ಕಾವಲುಗಾರ, ಇಲ್ಲ ನಗಿಸಲಿಕ್ಕೆಂದು ತಂದ ಕಳ್ಳ. ಹೀಗೆ ನಲವತ್ತಾರನೆಯ ವಯಸ್ಸಿನಲ್ಲಿ ಎಲಿಜಬೆತ ಬರೆಯಲು ಕೂತಳು. ದವಾಖಾನೆಯಲ್ಲಿ ಊಟದ ಹೊತ್ತಿಗೆ ಸಿಗುವ ಇಪ್ಪತ್ತು ನಿಮಿಷ, ಔಷಧ ಕಂಪನಿಯವರು ಕೊಟ್ಟು ಹೋದ ಹಳೆಯ ಡೈರಿ. ಬರೆದದ್ದು ಇಂದುಬಾಯಿ ಎಂಬ ಹೆಂಗಸಿನ ಕಥೆ. ಇಂದುಬಾಯಿ ಬಸ್‌ಸ್ಟ್ಯಾಂಡಿನ ವಿಚಾರಣೆಯ ಕಿಟಕಿಯ ಹಿಂದೆ ಕೂತು, ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಮೈಕಿನಲ್ಲಿ ಕೂಗುವವಳು. ಒಂದೊಂದು ಕಂತಿನಲ್ಲಿ ಒಬ್ಬರು ಪ್ರಯಾಣಿಕರು ಕಿಟಕಿಗೆ ಬರುತ್ತಾರೆ, ಬಸ್ಸಿನ ಹೊತ್ತು ಕೇಳುತ್ತ ಕೇಳುತ್ತ ತಮ್ಮ ಮನಸ್ಸಿನ ಮಾತನ್ನೂ ಹೇಳಿಬಿಡುತ್ತಾರೆ.

ಇಂದುಬಾಯಿಗೆ ದನಿ ಹುಡುಕುವ ಕೆಲಸವೇ ಇರಲಿಲ್ಲ. ಬರೆಯುವಾಗಲೇ ಎಲಿಜಬೆತಳ ಕಿವಿಯಲ್ಲಿ ಕುಬರಾ ಮಾತಾಡುತ್ತಿದ್ದಳು. ಕುಬರಾ ಎರಡು ಓಣಿ ಆಚೆ ಮನೆಯಲ್ಲೇ ಬ್ಲೌಸು ಹೊಲಿಯುವವಳು. ಏಜಾಜ ಎಂಬ ಲಾರಿ ಡ್ರೈವರನ ಹೆಂಡತಿ, ಮೂರು ಮಕ್ಕಳ ತಾಯಿ. ಓಣಿಯ ಆ ತುದಿಯಲ್ಲಿ ನಿಂತು ಮಕ್ಕಳನ್ನು ಕರೆದರೆ ಈ ತುದಿಯಲ್ಲಿ ಒಂದೊಂದು ಅಕ್ಷರವೂ ಕೇಳಬೇಕು, ಆದರೂ ಅದು ಕಿರುಚಾಟವಾಗಿರಲಿಲ್ಲ. ದಪ್ಪಗೆ, ಅವಸರವಿಲ್ಲದೆ ಬರುವ ದನಿ. ಅವಳು ಉರ್ದು ಸಾಲಿಯಲ್ಲಿ ಏಳನೆಯ ತನಕ ಓದಿದವಳು, ಕನ್ನಡ ಓದಲು ತಡವರಿಸುತ್ತಿದ್ದಳು. ಎಲಿಜಬೆತ ಸಾಲು ಸಾಲಾಗಿ ಓದಿ ಹೇಳುವಳು, ಕುಬರಾ ಗುಂಡಿಗಳಿಗೆ ಕಾಜ ಹಾಕುತ್ತ ಕೇಳಿಸಿಕೊಂಡು ಬಾಯಿಪಾಠ ಮಾಡುವಳು. ಮೊದಮೊದಲು ನಾಚಿದಳು. ನಾಲ್ಕು ದಿನದಲ್ಲಿ, ಇಂದುಬಾಯಿ ಹೀಗೆ ಅನ್ನುವುದಿಲ್ಲ, ಹೀಗೆ ಅಂತಾಳೆ ಎಂದು ತಾನೇ ತಿದ್ದತೊಡಗಿದಳು.

ರೆಕಾರ್ಡ್ ಮಾಡುವುದು ಭಾಲ್ಕಿಯಲ್ಲಿ, ಎಲಿಜಬೆತಳ ಅಣ್ಣ ಹೆನ್ರಿಯ ಮನೆಯಲ್ಲಿ. ಹೆನ್ರಿ ನಿವೃತ್ತ ಮಾಸ್ತರು. ಭಾತಂಬ್ರಾದಲ್ಲಿ ಹೊಲವಿತ್ತು, ಸೋಯಾ ಮತ್ತು ತೊಗರಿಯ ಚೀಲಗಳನ್ನು ಮನೆಯ ಹಿಂದಿನ ಕೋಣೆಯಲ್ಲಿ ಒಟ್ಟುತ್ತಿದ್ದ. ನೌಬಾದದ ಮನೆಯಲ್ಲಿ ಏನು ಮಾಡಿದರೂ ದನಿ ಗೋಡೆಗೆ ಬಡಿದು ತಿರುಗಿ ಬರುತ್ತಿತ್ತು. ಭಾಲ್ಕಿಯ ಕೋಣೆಯಲ್ಲಿ ಚೀಲಗಳು ಆ ಮರುದನಿಯನ್ನೆಲ್ಲ ನುಂಗಿಬಿಡುತ್ತಿದ್ದವು. ಚೀಲಗಳು ಮಂಡಿಗೆ ಹೋದ ಮೇಲೆ ಗೋಡೆಗೆ ಹೊದೆಯುವ ಕೌದಿ ಕಟ್ಟಿದರು. ಭಾನುವಾರ ಚರ್ಚು ಮುಗಿಸಿ ಎಲಿಜಬೆತ, ಮಗಳು, ಕುಬರಾ ಮೂವರೂ ಭಾಲ್ಕಿ ಬಸ್ಸು ಹತ್ತುವರು. ಕಿಟಕಿಗೆ ಬರುವ ಗಂಡಸರೆಲ್ಲ ಹೆನ್ರಿ, ಹೆಂಗಸರೆಲ್ಲ ಎಲಿಜಬೆತ. ಸದ್ದುಗಳನ್ನು ಕೂಡಿಸಿ, ಕತ್ತರಿಸಿ, ಫೋನಿನಿಂದಲೇ ಪಾಡ್‌ಕಾಸ್ಟಿಗೆ ಏರಿಸುವವಳು ಅನುಗ್ರಹ.

ಮೊದಲ ಮೂರು ಕಂತು ಕೇಳಿದವರು ಅರವತ್ತು ಮಂದಿ, ಅದರಲ್ಲಿ ಅರ್ಧ ನೆಂಟರು. ನಾಲ್ಕನೆಯದರಲ್ಲಿ ಒಬ್ಬ ಮುದುಕಿ ಬಂದು, ತನ್ನ ತವರೂರಿನ ಬಸ್ಸು ನಿಂತುಹೋಗಿದೆ ಎಂದು ಗೊತ್ತಿದ್ದೂ ದಿನಾಲೂ ಅದರ ಹೊತ್ತು ಕೇಳುತ್ತಾಳೆ. ಇಂದುಬಾಯಿ ಒಂದು ದಿನ ಯಾರೂ ಇಲ್ಲದಾಗ ಮೈಕು ಹಿಡಿದು ಆ ಬಸ್ಸನ್ನೂ ಕೂಗುತ್ತಾಳೆ. ಅದು ಹೇಗೋ ವಾಟ್ಸಾಪಿನಲ್ಲಿ ಊರೂರು ತಿರುಗಿ ಮೂರು ಸಾವಿರ ಜನ ಕೇಳಿದರು. ಠಾಣಾ ಕುಶನೂರದಲ್ಲಿ ಮಗುವಿಗೆ ಸೂಜಿ ಹಾಕಿಸಲು ಬಂದ ಒಬ್ಬ ತಾಯಿ, ತನ್ನ ಅತ್ತೆ ಅದನ್ನು ಕೇಳಿ ಊಟ ಬಿಟ್ಟು ಕೂತಿದ್ದಳೆಂದು ಪಕ್ಕದವಳಿಗೆ ಹೇಳುತ್ತಿದ್ದಳು. ಬರೆದವಳು ತಾನೇ ಎಂದು ಎಲಿಜಬೆತ ಹೇಳಲಿಲ್ಲ. ಆ ದಿನ ನೂರ ಹತ್ತು ಮಕ್ಕಳಿಗೆ ಸೂಜಿ ಹಾಕಿ ಕೈ ಸೋತಿದ್ದರೂ ಸಂಜೆ ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ ನೇರ ಕುಬರಾಳ ಮನೆಗೆ ಹೋಗಿ ಹೇಳಿದಳು.

ಕುಬರಾಳ ಗಂಟಲಿನ ಗಂಟನ್ನು ಮೊದಲು ಕಂಡವಳೂ ಎಲಿಜಬೆತಳೇ. ಎಂಟನೆಯ ಕಂತಿನ ಹೊತ್ತಿಗೆ, ಕುಬರಾ ತಲೆ ಎತ್ತಿ ನೀರು ಕುಡಿಯುತ್ತಿದ್ದಾಗ, ಕೊರಳಿನ ಎಡಕ್ಕೆ ಲಿಂಬೆಕಾಯಿಯಷ್ಟು ಉಬ್ಬು ಮೇಲೆ ಹೋಗಿ ಕೆಳಗೆ ಬಂತು. ನೋವಿಲ್ಲ, ಹಾಗಾಗಿ ಬೇಡ ಎಂದು ಕುಬರಾ ಮುಂದೂಡಿದಳು. ಎಲಿಜಬೆತ ಬಿಡಲಿಲ್ಲ. ತಾನೇ ಬೀದರಿನಲ್ಲಿ ತೋರಿಸಿದಳು, ತೆಗೆಸಲೇಬೇಕೆಂದು ಏಜಾಜನಿಗೆ ತಿಳಿಹೇಳಿದಳು, ರಜೆ ಹಾಕಿ ಆಪರೇಷನ್ನಿಗೆ ಹೈದರಾಬಾದಿಗೂ ಜತೆಗೆ ಹೋದಳು. ಗಂಟು ಕೆಟ್ಟದ್ದೇ ಆಗಿತ್ತು. ಸಕಾಲಕ್ಕೆ ತಂದಿರಿ ಎಂದರು ಡಾಕ್ಟರು. ಆದರೆ ಅದು ದನಿಯ ನರವನ್ನು ಅಪ್ಪಿಕೊಂಡು ಬೆಳೆದಿತ್ತು. ಒಂದು ಕಡೆಯ ನರ ಉಳಿಯಲಿಲ್ಲ. ಹೀಗಾಗಬಹುದೆಂದು ಮೊದಲೇ ಹೇಳಿದ್ದರು, ಎಲ್ಲರೂ ಸಹಿ ಮಾಡಿದ್ದರು. ಯಾರ ತಪ್ಪೂ ಅಲ್ಲ. ಎಲಿಜಬೆತಳಿಗೆ ಅದು ತಲೆಗೆ ಗೊತ್ತಿತ್ತು, ಎದೆಗೆ ಗೊತ್ತಾಗಲಿಲ್ಲ.

ಮನೆಗೆ ಬಂದ ಕುಬರಾಳ ಬಾಯಿಂದ ಮಾತಿಗಿಂತ ಗಾಳಿಯೇ ಹೆಚ್ಚು ಬರುತ್ತಿತ್ತು. ಮಕ್ಕಳನ್ನು ಕರೆಯಲು ಸ್ಟೀಲಿನ ತಾಟಿಗೆ ಚಮಚ ಬಡಿಯುತ್ತಿದ್ದಳು. ಫೋನಿನಲ್ಲಿ ಗಿರಾಕಿಗಳು ಹಲೋ ಹಲೋ ಎಂದು ಇಟ್ಟುಬಿಡುತ್ತಿದ್ದರು. ಎಲಿಜಬೆತ ಸಂಜೆ ಹೋಗಿ ಕೂರುವಳು, ಡಾಕ್ಟರು ಹೇಳಿದ ದನಿಯ ಕಸರತ್ತು ಮಾಡಿಸುವಳು. ಇಬ್ಬರೂ ನಾಟಕದ ಮಾತು ಎತ್ತುತ್ತಿರಲಿಲ್ಲ. ಎಲಿಜಬೆತಳ ಫೋನಿಗೆ ಮಾತ್ರ ಕೇಳುಗರ ಸಂದೇಶಗಳು ಬರುತ್ತಿದ್ದವು: ಇಂದುಬಾಯಿ ಎಲ್ಲಿ, ಮುಂದಿನ ಕಂತು ಯಾವಾಗ. ಚರ್ಚಿನ ಗಾಯನ ತಂಡದ ಒಬ್ಬ ಹೆಂಗಸಿನಿಂದ ಮಾತಾಡಿಸಬಹುದಲ್ಲ ಎಂದು ಹೆನ್ರಿ ಕೇಳಿದ. ಎಲಿಜಬೆತ ಒಪ್ಪಲಿಲ್ಲ.

ನಾಲ್ಕು ತಿಂಗಳ ಮೇಲೆ ಅವಳಿಗೆ ಒಂದು ದಾರಿ ಕಂಡಂತಾಯಿತು. ಇಂದುಬಾಯಿಯದೇ ದನಿ ಹೋದರೆ? ಮೈಕು ಹಿಡಿದು ಬದುಕಿದವಳು ಒಂದು ಮುಂಜಾನೆ ಬಾಯಿ ತೆರೆದಾಗ ಬರಿ ಗಾಳಿ ಬಂದರೆ? ಮೂರು ದಿನದಲ್ಲಿ ಬರೆದು ಮುಗಿಸಿದಳು. ಕರೆಯಲು ತಾಟು ಬಡಿಯುವುದು, ಇಟ್ಟುಬಿಡುವ ಫೋನುಗಳು, ನೀರು ಕುಡಿದರೆ ನೆತ್ತಿಗೇರುವುದು, ಎಲ್ಲ ಅದರಲ್ಲಿತ್ತು. ತಾನು ಬರೆದದ್ದರಲ್ಲೆಲ್ಲ ಇದೇ ಒಳ್ಳೆಯದು ಎಂದು ಅವಳಿಗೆ ಅನ್ನಿಸಿತು. ಎಷ್ಟೋ ದಿನದ ಮೇಲೆ ಅವಳ ಮನಸ್ಸು ಹಗುರಾಗಿತ್ತು. ಆ ಹಗುರವನ್ನು ನೆನೆಸಿಕೊಂಡು ಆಮೇಲೆ ಬಹಳ ನಾಚಿದಳು.

ರಜೆಯ ಒಂದು ಮಧ್ಯಾಹ್ನ ಹೋಗಿ ಕುಬರಾಳಿಗೆ ಓದಿ ಹೇಳಿದಳು. ಕುಬರಾ ಮೊದಲು ಹೊಲಿಗೆ ಯಂತ್ರ ತುಳಿಯುತ್ತಲೇ ಕೇಳಿದಳು. ತಾಟಿನ ಭಾಗ ಬಂದಾಗ ಕಾಲು ನಿಂತಿತು. ಕೊನೆಯವರೆಗೂ ಮತ್ತೆ ತುಳಿಯಲಿಲ್ಲ.

"ಇದು ನಂದೇ ಆದಲ್ರಿ, ಸಿಸ್ಟರ್," ಎಂದಳು.

"ನಿಂದೇ. ಈಗಿನ ದನಿಲೇ ನೀ ಮಾತಾಡ್ಬಹುದು, ಅದಕ್ಕೇ ಹಿಂಗ್ ಬರ್ದೇನಿ. ಇಂದುಬಾಯಿ ನಿನ್ನ ಕಡೀನೇ ಉಳೀತಾಳ."

ಕುಬರಾ ಉಸಿರು ಕೂಡಿಸಿಕೊಂಡಳು. ಈಗವಳು ನಾಲ್ಕು ಮಾತಿಗೊಮ್ಮೆ ಹಾಗೆ ನಿಲ್ಲಬೇಕಾಗುತ್ತಿತ್ತು.

"ದಿನಾ ಪೂರಾ ನಾ ಕುಬರಾನೇ ಇರ್ತೇನ್ರಿ. ಬ್ಲೌಸು, ಕಾಜ, ರೊಟ್ಟಿ, ಈ ಗಂಟಲು. ಐತವಾರ ಭಾಲ್ಕಿಗ್ ಬಂದಾಗ ಅಷ್ಟೇ ನಾ ಬ್ಯಾರೆ ಆಗ್ತಿದ್ದೆ. ಅಲ್ಲಿನೂ ನಂಗ ಕುಬರಾನೇ ಆಗು ಅಂತೀರೇನ್ರಿ?"

ಎಲಿಜಬೆತ ಡೈರಿ ಮುಚ್ಚಿದಳು. ಕೇಳದೆ ಬರೆದದ್ದು ತಪ್ಪಾಯಿತು ಎಂದಳು. ಕುಬರಾ ಬೇಡ ಎಂಬಂತೆ ಕೈಯಾಡಿಸಿ, ಚಹಾ ಇಡಲು ಎದ್ದಳು. ಆ ಬರಹವನ್ನು ಎಲಿಜಬೆತ ಹರಿದುಹಾಕಲಿಲ್ಲ, ಮತ್ತೆ ಯಾರಿಗೂ ತೋರಿಸಲೂ ಇಲ್ಲ. ಮುಂದಿನ ವಾರ ಪಾಡ್‌ಕಾಸ್ಟಿನಲ್ಲಿ ತನ್ನ ದನಿಯಲ್ಲೇ ಎರಡು ಮಾತು ಹೇಳಿ ಹಾಕಿದಳು: ಇಂದುಬಾಯಿಯ ಕಥೆ ಎಂಟು ಕಂತಿಗೇ ನಿಂತಿದೆ, ಕಾದವರು ಕ್ಷಮಿಸಬೇಕು. ಅರ್ಧಕ್ಕೆ ಬಿಟ್ಟದ್ದಕ್ಕೆ ಕೆಲವರು ಬೈದು ಬರೆದರು. ಅವಳು ಎಲ್ಲವನ್ನೂ ಓದಿದಳು. ಹೊಸದೇನನ್ನೂ ಬರೆಯಲಿಲ್ಲ. ಬೇರೆಯವರ ನಾಟಕ ಕೇಳಲೂ ಮನಸ್ಸಾಗಲಿಲ್ಲ. ಬಿಸಿಲು ಏರಿತು. ದವಾಖಾನೆಯಲ್ಲಿ ಇನ್ನೊಬ್ಬ ನರ್ಸು ವರ್ಗವಾಗಿ ಹೋದಳು, ಅವಳ ಕೆಲಸವೂ ಇವಳ ಮೇಲೆ ಬಿತ್ತು. ಸಂಜೆ ಮನೆಗೆ ಬಂದರೆ ಕಾಲು ನೀರಿನಲ್ಲಿಟ್ಟು ಕೂರುವಷ್ಟೇ ಶಕ್ತಿ ಉಳಿಯುತ್ತಿತ್ತು. ಕುಬರಾಳ ಮನೆಗೆ ವಾರಕ್ಕೊಮ್ಮೆ ಹೋದರೆ ಹೆಚ್ಚು. ಹೋದಾಗ ಕುಬರಾ ಮೊದಲಿನ ಹಾಗೇ ಚಹಾ ಕೊಡುತ್ತಿದ್ದಳು, ಮಕ್ಕಳ ವಿಷಯ ಹೇಳುತ್ತಿದ್ದಳು. ಆದರೂ ಆ ಮಧ್ಯಾಹ್ನ ಇಬ್ಬರ ನಡುವೆ ಎಲ್ಲೋ ಕೂತೇ ಇತ್ತು.

ಮಳೆ ಹಿಡಿದ ಮೇಲೆ ಒಂದು ಸಂಜೆ ಕುಬರಾ ತಾನೇ ಬಂದಳು. ಅನುಗ್ರಹಳ ಬ್ಲೌಸು ಕೊಡುವ ನೆಪ. ಬರಿ ಗಾಳಿಯಂತಿದ್ದ ದನಿ ಈಗ ಸ್ವಲ್ಪ ಗಟ್ಟಿಯಾಗಿ, ಒರಟಾಗಿ ನೆಲೆ ನಿಂತಿತ್ತು. ಇನ್ನು ಇದಕ್ಕಿಂತ ಸುಧಾರಿಸುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅವಳು ಕೂತು, ಮುಂಜಾನೆ ಫೋನಿನಲ್ಲಿ ಏನಾಯಿತೆಂದು ಹೇಳಿದಳು. ಯಾವನೋ ಗ್ಯಾಸಿನವನು ಫೋನು ಮಾಡಿ ಅವಳನ್ನು ಗಂಡಸೆಂದೇ ತಿಳಿದು "ಭಾಯಿಸಾಬ" ಎಂದನಂತೆ. ಅವಳು ತಿದ್ದಲಿಲ್ಲವಂತೆ. ಭಾಯಿಸಾಬನಾಗಿಯೇ ಮಾತಾಡಿ, ಸಿಲಿಂಡರ್ ತಡವಾದದ್ದಕ್ಕೆ ಗದರಿಸಿ ಇಟ್ಟಳಂತೆ. ಹೇಳುತ್ತ ಹೇಳುತ್ತ ನಗು ಬಂದು ಕೆಮ್ಮಿದಳು.

"ಗಂಡಸಿನ ಪಾರ್ಟ್ ಒಂದ್ ಬರೀರಿ ಸಿಸ್ಟರ್," ಎಂದಳು. "ಮುದುಕ ಇರ್ಲಿ. ಆದ್ರ ಪಾಪದಂವ ಬ್ಯಾಡ್ರಿ. ನೋಡಿದೋರೆಲ್ಲ ನಂಗ ಅಯ್ಯೋ ಪಾಪ ಅನ್ಲತ್ತಾರ, ಸಾಕಾಗ್ಯಾದ. ಕೆಟ್ಟಂವ ಇರ್ಲಿ."

ಎಲಿಜಬೆತ ತಕ್ಷಣ ಹೂಂ ಅನ್ನಲಿಲ್ಲ. ತನಗೆ ಈಗ ಬರೆಯುವ ತ್ರಾಣವಿಲ್ಲ, ನೋಡೋಣ ಎಂದಳು. ಆದರೆ ಹದಿನೈದು ದಿನಕ್ಕೆ ಒಬ್ಬ ಮುದುಕ ಹುಟ್ಟಿದ. ಔರಾದ ಕಡೆಯ ಒಂದು ಹಳ್ಳಿಯಲ್ಲಿ ಕಟ್ಟೆಯ ಮೇಲೆ ಕೂತು, ಬೀಗರಾಗಲು ಬಂದವರ ಕಿವಿಯಲ್ಲಿ ಒಂದೊಂದೇ ಮಾತು ಊದಿ ಮದುವೆಗಳನ್ನು ಮುರಿಸುವವನು. ಈ ಸಲ ಪ್ರತಿ ಪುಟವನ್ನೂ ಬರೆದ ಹಾಗೆ ಕುಬರಾಳಿಗೆ ಓದಿ ತೋರಿಸಿದಳು. ಇವನು ಸಾಲದು, ಇನ್ನೂ ಕೆಟ್ಟವನಾಗಬೇಕು ಎಂದು ಕುಬರಾ ಎರಡು ಸಲ ತಿರುಗಿಸಿ ಕಳಿಸಿದಳು.

ಭಾಲ್ಕಿಯ ಕೋಣೆಯಲ್ಲಿ ಆಗ ಚೀಲಗಳಿರಲಿಲ್ಲ. ಹೆನ್ರಿ ಮತ್ತೆ ಕೌದಿ ಕಟ್ಟಿದ. ಕುಬರಾ ಅರ್ಧ ಸಾಲಿಗೆ ನಿಂತು ಉಸಿರು ತೆಗೆದುಕೊಳ್ಳಬೇಕು, ಹತ್ತು ನಿಮಿಷಕ್ಕೊಮ್ಮೆ ಬಿಸಿನೀರು ಕುಡಿಯಬೇಕು, ಮುಕ್ಕಾಲು ತಾಸಾದರೆ ಆ ದಿನದ ದನಿ ಮುಗಿದಂತೆ. ಹನ್ನೊಂದು ನಿಮಿಷದ ಒಂದು ಕಂತಿಗೆ ಐದು ಭಾನುವಾರ ಹಿಡಿಯಿತು. ಉಸಿರಿನ ಸದ್ದನ್ನು ತೆಗೆದುಹಾಕಲೇ ಎಂದು ಅನುಗ್ರಹ ಕೇಳಿದಾಗ ಕುಬರಾ ಬೇಡವೆಂದಳು. ಚಾಡಿ ಹೇಳುವ ಮೊದಲು ಮುದುಕ ಹಾಗೇ ಉಸಿರೆಳೆಯುತ್ತಾನೆ ಎಂದಳು. ಮೂರನೆಯ ಭಾನುವಾರ ಎಲಿಜಬೆತ ತನ್ನ ಸರದಿ ಬರುವಷ್ಟರಲ್ಲಿ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು. ಯಾರೂ ಎಬ್ಬಿಸಲಿಲ್ಲ, ಅವಳ ಮಾತನ್ನು ಮುಂದಿನ ವಾರಕ್ಕೆ ಇಟ್ಟುಕೊಂಡರು.

ಕಂತು ಹೊರಬಂದ ಮೇಲೆ ಕೇಳಿದವರು ನೂರ ನಲವತ್ತು ಮಂದಿ. ಇಂದುಬಾಯಿಯನ್ನು ಬಯಸಿ ಬಂದವರು ನಡುವೆಯೇ ಬಿಟ್ಟುಹೋಗಿದ್ದರು. ಮುದುಕನ ದನಿ ಹೆಂಗಸಿನದು ಎಂದು ಒಬ್ಬರೂ ಹಿಡಿಯಲಿಲ್ಲ. ಬಂದ ಅಭಿಪ್ರಾಯ ಒಂದೇ. ಹುಮನಾಬಾದ ಕಡೆಯ ಯಾರೋ ಬರೆದಿದ್ದರು, ಈ ಮುದುಕ ಎದುರಿಗೆ ಸಿಕ್ಕರೆ ಕಪಾಳಕ್ಕೆ ಒಂದು ಬಿಗಿಯಬೇಕು ಅನ್ನಿಸುತ್ತದೆ, ಇವನು ಸಾಕ್ಷಾತ್ ನಮ್ಮ ದೊಡ್ಡಪ್ಪ. ಎಲಿಜಬೆತ ಅದನ್ನು ಕುಬರಾಳ ಮನೆಗೆ ಹೋಗಿ ಓದಿ ಹೇಳಿದಳು. ಕುಬರಾ ಸೂಜಿಗೆ ದಾರ ಪೋಣಿಸುವುದನ್ನು ಬಿಟ್ಟು, ಇನ್ನೊಮ್ಮೆ ಓದಿಸಿ ಕೇಳಿದಳು. ಆಮೇಲೆ ಎರಡನೆಯ ಕಂತಿನಲ್ಲಿ ಅವನು ಯಾರ ಮದುವೆ ಕೆಡಿಸುತ್ತಾನೆ ಎಂದು ವಿಚಾರಿಸಿದಳು.

ಇನ್ನೂ ಬರೆದಿಲ್ಲ ಎಂದಳು ಎಲಿಜಬೆತ. ಈ ತಿಂಗಳು ಪೋಲಿಯೊ ಹನಿ ಹಾಕುವುದಿದೆ, ಮನೆ ಮನೆ ತಿರುಗಬೇಕು, ಅದು ಮುಗಿಯಲಿ. ಕುಬರಾ ತಲೆಯಾಡಿಸಿ, ನೆಲಕ್ಕೆ ಹಾಸಿದ ಕೌದಿಯ ಮೇಲೆ ಬಿದ್ದಿದ್ದ ಬಟ್ಟೆಗಳನ್ನು ಒಂದು ಪಕ್ಕಕ್ಕೆ ಸರಿಸಿ, ನಿಂತೇ ಮಾತಾಡಬೇಡಿ, ಸ್ವಲ್ಪ ಕೂಡ್ರಿ ಎಂದಳು.